ಮೊದಲ ಸಾಲಿನ ಸೀಟು ಕೊಟ್ಟರೆ ಮುಗೀತಾ?

ವಿಮಾನದ ಸೀಟು ವಿನ್ಯಾಸ ಮಾಡುವುದು ನನ್ನ ಕೆಲಸ. ವೀಲ್‌ಚೇರ್ ಬಳಸುವವರ ಮಾತು ಬಂದಾಗಲೆಲ್ಲ ಏರ್‌ಲೈನ್‌ನವರು ಹೇಳುವುದು ಒಂದೇ: "ಅವರಿಗೆ ಮೊದಲ ಸಾಲೇ ಕೊಡ್ತೀವಿ ಮೇಡಂ, ಕಾಲು ಚಾಚೋಕೆ ಜಾಗ ಜಾಸ್ತಿ." ಅಲ್ಲಾ, ನಡೆಯಲಾಗದವರು ಮೊದಲು ಸೀಟಿನವರೆಗೆ ತಲುಪಬೇಕಲ್ವಾ?

ಇಕ್ಕಟ್ಟು ಎಷ್ಟಿದೆ ನೋಡಿ. ಸೀಟುಗಳ ನಡುವಿನ ದಾರಿ ಕೆಳಭಾಗದಲ್ಲಿ 15 ಇಂಚು ಇದ್ದರೂ ಸಾಕು ಅನ್ನುತ್ತದೆ ಅಮೆರಿಕದ ನಿಯಮ. ಅಲ್ಲಿ ಸ್ವಂತ ವೀಲ್‌ಚೇರ್ ನುಗ್ಗುವುದಿಲ್ಲ. ಹಾಗಾಗಿ ಬಾಗಿಲಲ್ಲೇ ಅದನ್ನು ಬಿಟ್ಟು, ಕಿರಿದಾದ ಒಂದು ಕುರ್ಚಿಗೆ ಬೆಲ್ಟ್ ಬಿಗಿಸಿಕೊಂಡು ಸೀಟಿನ ಪಕ್ಕಕ್ಕೆ ಬರಬೇಕು. ಅಲ್ಲಿಂದ ಪಕ್ಕಕ್ಕೆ ಜಾರಬೇಕು. ದಾರಿ ಕಡೆಯ ಆರ್ಮ್‌ರೆಸ್ಟ್ ಮೇಲೆದ್ದರೆ ಜಾರಬಹುದು. ಏಳದಿದ್ದರೆ ಇಬ್ಬರು ಕಂಕುಳಿಗೆ, ಮಂಡಿಗೆ ಕೈ ಕೊಟ್ಟು ಅದರ ಮೇಲಿಂದ ಎತ್ತಿ ದಾಟಿಸಬೇಕು. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶ ಹೋದವರಿಗೆ ತರಚಿದ್ದೂ ಗೊತ್ತಾಗುವುದಿಲ್ಲ. ಆ ಸಣ್ಣ ಗಾಯ ಬಲಿತರೆ ತಿಂಗಳುಗಟ್ಟಲೆ ಹಾಸಿಗೆ.

ಈಗ ಮೊದಲ ಸಾಲಿಗೆ ಬನ್ನಿ. ಮುಂದೆ ಸೀಟಿಲ್ಲ, ಊಟದ ಟ್ರೇ ಎಲ್ಲಿಡೋದು? ಆರ್ಮ್‌ರೆಸ್ಟ್ ಒಳಗೆ. ಟ್ರೇ ಒಳಗಿರುವ ಆರ್ಮ್‌ರೆಸ್ಟ್ ಸಾಮಾನ್ಯವಾಗಿ ಅಲ್ಲಾಡುವುದಿಲ್ಲ. ಎಲ್ಲ ಮಾದರಿಗೂ ಇದೇ ಮಾತು ಅನ್ನಲಾರೆ, ಆದರೆ ಬಹಳಷ್ಟು ಕಡೆ ಹೀಗೇ. ಅಂದರೆ ನೀವು ಪ್ರೀತಿಯಿಂದ ಕೊಟ್ಟ ಸೀಟಿನಲ್ಲೇ ಅವರನ್ನು ಮೂಟೆ ಎತ್ತಿದ ಹಾಗೆ ಎತ್ತಬೇಕು!

ಹಿಂದಿನ ಸಾಲುಗಳ ಕಥೆ ಬೇರೆ. 30 ಅಥವಾ ಹೆಚ್ಚು ಸೀಟಿನ ವಿಮಾನಗಳಲ್ಲಿ ದಾರಿ ಪಕ್ಕದ ಸೀಟುಗಳ ಪೈಕಿ ಕನಿಷ್ಠ ಅರ್ಧದಷ್ಟಕ್ಕೆ ಮೇಲೇಳುವ ಆರ್ಮ್‌ರೆಸ್ಟ್ ಇರಬೇಕು ಅಂತ ಅಮೆರಿಕ 1990ರಲ್ಲೇ ಹೇಳಿತು. ಇದೆ ಕೂಡ. ಆದರೆ ಅದನ್ನು ಬಿಡಿಸುವ ಗುಂಡಿ ಅಡಿಭಾಗದಲ್ಲಿ, ಕೀಲಿನ ಹತ್ತಿರ ಅಡಗಿ ಕೂತಿರುತ್ತದೆ. ಒಮ್ಮೆ ಮಾದರಿ ಕ್ಯಾಬಿನ್ ಪರೀಕ್ಷೆಗೆ ವೀಲ್‌ಚೇರ್‌ನಲ್ಲಿ ಬಂದಿದ್ದ ಹೆಂಗಸೊಬ್ಬರು ಬೆರಳಲ್ಲಿ ತಡಕಿ ಟಕ್ ಅಂತ ಎತ್ತಿಬಿಟ್ಟರು. ಪಕ್ಕದಲ್ಲಿದ್ದ ಹಿರಿಯ ಗಗನಸಖಿ ಬಾಯಿಬಿಟ್ಟು ನೋಡಿ, "ಇಷ್ಟು ವರ್ಷ ಹಾರಿದ್ದೀನಿ, ಇದು ಏಳುತ್ತೆ ಅಂತಾನೇ ಗೊತ್ತಿರಲಿಲ್ಲ" ಅಂದರು. ಆಕೆಯನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಯಾರೂ ಹೇಳಿಕೊಟ್ಟಿಲ್ಲ, ಪಾಪ.

ಮೊದಲ ಸಾಲು ಬೇಡವೇ ಬೇಡ ಅಂತಲ್ಲ. ಮಂಡಿ ಮಡಚಲಾಗದವರಿಗೆ ಅದೇ ಬೇಕು. ಉಳಿದವರು ಟಿಕೆಟ್ ಮಾಡಿಸುವಾಗಲೇ ಕೇಳಿ: ದಾರಿ ಕಡೆಯ ಆರ್ಮ್‌ರೆಸ್ಟ್ ಯಾವ ಸಾಲಿನಲ್ಲಿ ಏಳುತ್ತದೆ? ಫೋನಿನಲ್ಲಿ ಸ್ವಲ್ಪ ಹೊತ್ತು ಕಾಯಿಸುತ್ತಾರೆ. ಕಾಯಿರಿ.