ಅಳಿಲು ಮರಿ ಬಿದ್ದಿದೆ, ಒಳಗೆ ತಂದು ಸಾಕಬಹುದೇ?

ಪ್ರಶ್ನೆ: ತೆಂಗಿನ ಮರದ ಒಣಗರಿ ತೆಗೆಸುವಾಗ ಗೂಡಿನ ಸಮೇತ ಎರಡು ಅಳಿಲು ಮರಿಗಳು ಕೆಳಗೆ ಬಿದ್ದಿವೆ. ಇನ್ನೂ ಕಣ್ಣು ಬಿಟ್ಟಿಲ್ಲ. ಫಿಲ್ಲರಿನಲ್ಲಿ ಹಾಲು ಹಾಕೋಣ ಎಂದು ಮಕ್ಕಳು ಕುಣಿಯುತ್ತಿದ್ದಾರೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎನ್ನುತ್ತಾರೆ. ಹಾಗಾದರೆ ನಾವೇ ಸಾಕಬಹುದೇ?
– ಬನಶಂಕರಿಯ ಓದುಗರು

ಉತ್ತರ: ಮೊದಲು ಆ ಹಾಲನ್ನು ಫ್ರಿಜ್ಜಿನೊಳಗೆ ಇಡಿ. ಮರಿಗಳ ತಾಯಿ ಬಹುಶಃ ಪಕ್ಕದ ಮರದಲ್ಲೇ ಕುಳಿತು, ಬಾಲ ಕುಣಿಸುತ್ತಾ, ನೀವೆಲ್ಲ ಯಾವಾಗ ಒಳಗೆ ಹೋಗುತ್ತೀರಿ ಎಂದು ಕಾಯುತ್ತಿದೆ. ಗೂಡು ಹಾಳಾದರೆ ತಾಯಿ ಅಳಿಲು ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಗೂಡಿಗೆ ಸಾಗಿಸುತ್ತದೆ. ಅದಕ್ಕೆ ಅವಕಾಶ ಮಾಡಿಕೊಡುವುದಷ್ಟೇ ನಿಮ್ಮ ಕೆಲಸ.

ಮರಿಗಳ ಮೇಲೆ ಇರುವೆ ಹತ್ತಿದ್ದರೆ ಮೆಲ್ಲಗೆ ಒರೆಸಿ ತೆಗೆಯಿರಿ. ಒಂದು ಚಪ್ಪಲಿ ಡಬ್ಬದಲ್ಲಿ ಹಳೆಯ ಪಂಚೆಯ ತುಂಡು ಹಾಸಿ. ಟರ್ಕಿ ಟವೆಲ್ ಬೇಡ, ಅದರ ಎಳೆಗಳಿಗೆ ಮರಿಯ ಉಗುರು ಸಿಕ್ಕಿಕೊಳ್ಳುತ್ತದೆ. ಚಿಕ್ಕ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಡಬ್ಬದ ಒಂದು ಬದಿಗೆ ಮಾತ್ರ ಇಡಿ. ಸೆಕೆಯಾದರೆ ಮರಿ ಇನ್ನೊಂದು ಬದಿಗೆ ಸರಿದುಕೊಳ್ಳಲಿ. ಬಿದ್ದ ಗೂಡಿನ ನಾರನ್ನೇ ಮೇಲೆ ಸ್ವಲ್ಪ ಹರಡಿ, ಇಲ್ಲದಿದ್ದರೆ ಕಾಗೆಗಳಿಗೆ ಎಲೆ ಹಾಕಿ ಕರೆದಂತೆ. ಡಬ್ಬವನ್ನು ಅದೇ ಮರಕ್ಕೆ, ಇಲ್ಲವೇ ಪಕ್ಕದ ಮರಕ್ಕೆ, ಬೆಕ್ಕಿಗೆ ಸುಲಭವಾಗಿ ಎಟುಕದ ಎತ್ತರದಲ್ಲಿ, ನೆರಳಿನಲ್ಲಿ ಕಟ್ಟಿ. ನಂತರ ಎಲ್ಲರೂ ಒಳಗೆ ಹೋಗಿ ಕಿಟಕಿಯಿಂದ ನೋಡುತ್ತಿರಿ. ಸಂಜೆಯವರೆಗೆ ಕಾಯಬೇಕು, ನಡುವೆ ಬಾಟಲಿಯ ನೀರು ಆರಿದರೆ ಬದಲಾಯಿಸಬೇಕು. ಕತ್ತಲಾದ ಮೇಲೆ ಅಳಿಲು ಓಡಾಡುವುದಿಲ್ಲವಾದ್ದರಿಂದ, ಅಷ್ಟರೊಳಗೆ ತಾಯಿ ಬಾರದಿದ್ದರೆ ಡಬ್ಬವನ್ನು ಒಳಗೆ ತಂದು ಬೆಚ್ಚಗಿಟ್ಟು ತಿಳಿದವರಿಗೆ ಫೋನ್ ಮಾಡಿ.

ಮುಟ್ಟಿದರೆ ಸೇರಿಸುವುದಿಲ್ಲ ಎಂಬ ಮಾತನ್ನು ಗುಬ್ಬಚ್ಚಿಯ ವಿಷಯದಲ್ಲಿ ನಮ್ಮ ಅಜ್ಜಿಯರೂ ಹೇಳುತ್ತಿದ್ದರು. ಮಕ್ಕಳು ಗೂಡಿಗೆ ಕೈ ಹಾಕದಂತೆ ತಡೆಯಲು ಅದು ಒಳ್ಳೆಯ ಉಪಾಯವಾಗಿತ್ತು, ಆದರೆ ಸತ್ಯವಲ್ಲ. ಗುಬ್ಬಚ್ಚಿಯಂಥ ಹಕ್ಕಿಗಳು ಮರಿಯನ್ನು ಗುರುತಿಸಲು ಮೂಗನ್ನು ನೆಚ್ಚಿಕೊಂಡಿಲ್ಲ. ಅಳಿಲಿಗೆ ವಾಸನೆ ಚೆನ್ನಾಗಿಯೇ ತಿಳಿಯುತ್ತದೆ, ಆದರೂ ನಿಮ್ಮ ಕೈವಾಸನೆಗೆ ಹೇಸಿ ಮರಿಯನ್ನು ಬಿಟ್ಟು ಹೋಗುವುದಿಲ್ಲ. ತಾಯಿ ಹೆದರುವುದು ಸುತ್ತ ನೆರೆದ ಜನರಿಗೆ, ಮೊಬೈಲ್ ಹಿಡಿದು ಬಗ್ಗಿದವರಿಗೆ.

ಇನ್ನು ಹಾಲಿನ ಮಾತು. ಒಳ್ಳೆಯ ಮನಸ್ಸಿನಿಂದ ಮರಿಗಳನ್ನು ಕೊಲ್ಲುವ ವಸ್ತು ಇದು. ಹಸುವಿನ ಹಾಲು ಅಳಿಲು ಮರಿಗೆ ಒಗ್ಗುವುದಿಲ್ಲ. ಭೇದಿಯಾಗಿ, ಹೊಟ್ಟೆ ಉಬ್ಬರಿಸಿ ಸೊರಗುತ್ತದೆ. ಅದಕ್ಕಿಂತ ಬೇಗ ಅಪಾಯ ತರುವುದು ಫಿಲ್ಲರ್. ಒಂದು ಹನಿ ಹೆಚ್ಚಾಗಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ತಣ್ಣಗಾದ ಮರಿಗೆ ಜೀರ್ಣಿಸಿಕೊಳ್ಳುವ ಶಕ್ತಿಯೂ ಇರುವುದಿಲ್ಲ, ಆದ್ದರಿಂದ ಮೊದಲು ಬೇಕಾದದ್ದು ಶಾಖ. ಹಕ್ಕಿಮರಿಗಳಿಗಂತೂ ಯಾವ ಹಾಲೂ ಆಗದು. ಅವುಗಳ ತಾಯಿಗೆ ಕೆಚ್ಚಲು ಎಲ್ಲಿದೆ?

ಬೇಸಿಗೆಯ ಮೊದಲ ಗಾಳಿಮಳೆ ಬಿದ್ದ ಮರುದಿನ ಬೆಂಗಳೂರಿನಲ್ಲಿ ಹೆಚ್ಚಾಗಿ ಸಿಗುವುದು ಹಕ್ಕಿಮರಿಗಳೇ. ಮೈಮೇಲೆ ಪುಕ್ಕವಿಲ್ಲದಿದ್ದರೆ ಗೂಡಿಗೆ ಮರಳಿಸಿ. ಪುಕ್ಕ ತುಂಬಿ, ಮೋಟು ಬಾಲ ಹೊತ್ತು, ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿದೆ. ಪಿಕಳಾರದ ಮರಿಗಳು ಸರಿಯಾಗಿ ಹಾರಲು ಬರುವ ಮೊದಲೇ ಗೂಡು ಬಿಡುತ್ತವೆ, ತಂದೆತಾಯಿ ಅಲ್ಲಿಗೇ ಬಂದು ಉಣಿಸುತ್ತವೆ. ನಾಯಿ, ಸ್ಕೂಟರುಗಳ ದಾರಿಯಿಂದ ಎತ್ತಿ ಹತ್ತಿರದ ಪೊದೆಯಲ್ಲೋ ಕಾಂಪೌಂಡಿನ ಮೇಲೋ ಕೂರಿಸಿದರೆ ಸಾಕು. ಕೋಗಿಲೆ ಮರಿಯನ್ನು ಕಾಗೆಗಳು ಮುತ್ತಿದ್ದನ್ನು ಕಂಡು ‘ರಕ್ಷಿಸಲು’ ಓಡುವವರಿದ್ದಾರೆ. ಸ್ವಲ್ಪ ನಿಂತು ನೋಡಿ, ಆ ಕಾಗೆ ಅದನ್ನು ಸಾಕಿದ ತಾಯಿಯೇ ಇರಬಹುದು, ಬಾಯಲ್ಲಿ ತುತ್ತು ಇರಬಹುದು.

ಮರಿಯನ್ನು ಒಂಟಿಯಾಗಿ ಬಿಟ್ಟು ಹೋಗುವುದೇ ಕೆಲವು ಪ್ರಾಣಿಗಳ ಪದ್ಧತಿ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಆವರಣಗಳಲ್ಲಿ ಇಂದಿಗೂ, ರಾತ್ರಿ ಓಡಾಡುವ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿಗಳಾದ ಕಾಡುಪಾಪಗಳಿವೆ ಎಂಬುದು ಈ ಊರಿನ ಭಾಗ್ಯ. ರಾತ್ರಿ ಮೇವಿಗೆ ಹೊರಟ ತಾಯಿ ಕಾಡುಪಾಪ, ಸ್ವಲ್ಪ ಬೆಳೆದ ಮರಿಯನ್ನು ಒಂದು ಕೊಂಬೆಯ ಮೇಲೆ ಬಿಟ್ಟು ಆಮೇಲೆ ಬಂದು ಕರೆದೊಯ್ಯುತ್ತದೆ. ಮೊಲವೂ ಮರಿಗಳನ್ನು ಹುಲ್ಲಿನಲ್ಲಿ ಅಡಗಿಸಿ ದೂರವಿರುತ್ತದೆ, ಹಾಲೂಡಿಸಲು ಮಾತ್ರ ಬರುತ್ತದೆ. ಹೊಲದಂಚಿನಲ್ಲಿ ಚಿರತೆ ಮರಿ ಕಂಡರೆ ಮುಟ್ಟದೆ, ಸದ್ದು ಮಾಡದೆ ಹಿಂದೆ ಸರಿದು ಅರಣ್ಯ ಇಲಾಖೆಗೆ ತಿಳಿಸಬೇಕು. ಅಲ್ಲಿಯೇ ಬಿಟ್ಟರೆ ತಾಯಿ ರಾತ್ರಿ ಬಂದು ಒಯ್ಯುವ ಸಾಧ್ಯತೆ ಹೆಚ್ಚು, ಆದರೆ ಆ ಹೊತ್ತಿಗೆ ನೀವು ಅಲ್ಲಿರಬಾರದು. ಕೋತಿಮರಿಯೂ ಬೇಡ, ಗುಂಪು ಮೈಮೇಲೆ ಬೀಳುತ್ತದೆ, ಕಚ್ಚಿದರೆ ರೇಬೀಸ್ ಚುಚ್ಚುಮದ್ದಿಗೆ ಓಡಬೇಕಾಗುತ್ತದೆ. ನಾಗರಹಾವಿನ ಮರಿಗೆ ಮೊಟ್ಟೆಯೊಡೆದು ಬಂದ ದಿನದಿಂದಲೇ ವಿಷವಿರುತ್ತದೆ.

ಕಾಯದೆ ಎತ್ತಲೇಬೇಕಾದ ಸಂದರ್ಭಗಳೂ ಉಂಟು. ರಕ್ತ, ಮುರಿದ ಕಾಲು, ಮೈಮೇಲೆ ನೊಣದ ಮೊಟ್ಟೆ, ಪಕ್ಕದಲ್ಲೇ ಸತ್ತು ಬಿದ್ದ ತಾಯಿ. ಬೆಕ್ಕು ಬಾಯಿ ಹಾಕಿದ ಮರಿ ಹೊರಗೆ ಗಾಯ ಕಾಣದಿದ್ದರೂ ಅದೇ ದಿನ ಪಶುವೈದ್ಯರ ಕೈ ಸೇರಬೇಕು, ಏಕೆಂದರೆ ಬೆಕ್ಕಿನ ಜೊಲ್ಲಿನ ಬ್ಯಾಕ್ಟೀರಿಯಾ ಸಣ್ಣ ಗೀರಿನಿಂದಲೂ ರಕ್ತವನ್ನು ನಂಜಾಗಿಸುತ್ತದೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಎತ್ತಿ, ತೂತು ಮಾಡಿದ ಮುಚ್ಚಿದ ಡಬ್ಬದಲ್ಲಿ, ಕತ್ತಲು ಮತ್ತು ನಿಶ್ಶಬ್ದದಲ್ಲಿ ಇಡಿ. ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆಯಿದೆ. ಅರಣ್ಯ ಇಲಾಖೆಯ ಸಹಾಯವಾಣಿ 1926.

ನಾವೇ ಸಾಕಬಹುದೇ ಎಂದು ಕೇಳಿದ್ದೀರಿ. ಸಾಕಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಜೀವಿಗಳನ್ನು ಹಿಡಿದಿಟ್ಟುಕೊಳ್ಳಲು ಬಿಡುವುದಿಲ್ಲ. ಸರ್ಕಾರದ ಸ್ವತ್ತಾದ ವನ್ಯಜೀವಿ ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅಧಿಕಾರ ಪಡೆದ ಅಧಿಕಾರಿಗೋ ತಿಳಿಸಬೇಕು ಎನ್ನುತ್ತದೆ. ಕಾನೂನು ಬದಿಗಿರಲಿ, ಜೇಬಿನಲ್ಲಿ ಬೆಳೆದ ಅಳಿಲಿಗೆ ಬೆಕ್ಕೆಂದರೆ ಏನೆಂದು ತಿಳಿಯದು, ಆಮೇಲೆ ಮರಕ್ಕೆ ಬಿಟ್ಟರೂ ಬಾಳುವುದು ಕಷ್ಟ. ಶ್ರೀರಾಮನೂ ಬೆನ್ನು ಸವರಿ ಕಳುಹಿಸಿದನೇ ಹೊರತು ಅಯೋಧ್ಯೆಗೆ ಹೊತ್ತೊಯ್ದ ಎಂದು ಯಾರೂ ಹೇಳಿಲ್ಲ.

ಮುಂದಿನ ಸಲ ಗರಿ ತೆಗೆಸುವಾಗ ಮರ ಹತ್ತುವವರಿಗೆ ಮೊದಲೇ ಹೇಳಿಡಿ: ಸುಳಿಯ ಬುಡದಲ್ಲಿ ನಾರಿನ ಉಂಡೆ ಕಂಡರೆ ಆ ಗರಿಯನ್ನು ಹಾಗೆಯೇ ಬಿಟ್ಟು, ಎರಡು ತಿಂಗಳ ನಂತರ ಬನ್ನಿ ಎಂದು.