ಕಲ್ಲಿನಿಂದ ಎಲುಬಿನವರೆಗೆ ಒಂದೇ ಅಯಾನು

ಪಾವಗಡ ತಾಲ್ಲೂಕಿನ ಒಂದು ಊರಿನಲ್ಲಿ ಬೋರಿನ ನೀರನ್ನು ಬಾಟಲಿಗೆ ಹಿಡಿಯುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ನೀರಗಂಟಿ ಕೇಳಿದರು: "ಏನ್ ಮೇಡಂ, ಈ ನೀರು ಸಿಹಿಯಾಗೇ ಐತಲ್ಲ. ಬೇಳೆನೂ ಬೇಗ ಬೇಯ್ತೈತೆ. ಇದರಾಗೇನ್ ನೋಡ್ತೀರ? ಆ ಕಡೆ ಸವಳು ಬೋರಿಂದ ಹಿಡ್ಕಳ್ಳಿ, ಅದನ್ನ ದನಾನೂ ಕುಡಿಯಲ್ಲ."

ಎರಡೂ ಬೋರಿನ ನೀರು ತಂದೆ. ದನ ಮೂಸದ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.1 ಮಿಲಿಗ್ರಾಂ ಇತ್ತು. ಊರೆಲ್ಲ ಕುಡಿಯುತ್ತಿದ್ದ ಸಿಹಿ ನೀರಿನಲ್ಲಿ 3.8. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಸಿಗದ ಕಡೆ 1.5ರವರೆಗೆ ಸಹಿಸಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5.

ಆ ನೀರಗಂಟಿಯವರ ಮಾತಿನಲ್ಲಿ ಒಂದು ಕಡೆಯೂ ತಪ್ಪಿರಲಿಲ್ಲ. ಬೇಳೆ ಬೇಗ ಬೇಯುವುದು ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದು ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿದ್ದಾಗ. ಫ್ಲೋರೈಡ್ ಏರುವುದೂ ಅಂಥದೇ ನೀರಿನಲ್ಲಿ. ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಅದು ಫ್ಲೋರೈಡನ್ನು ಹಿಡಿದು, ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಮಾಡಿ ಕೆಳಗೆ ಕೂರಿಸುತ್ತದೆ. ಬಯಲುಸೀಮೆಯ ಮಣ್ಣಿನಲ್ಲಿ ನೀರು ಇಳಿಯುತ್ತ ಹೋದಂತೆ ಕ್ಯಾಲ್ಸಿಯಂ ಸುಣ್ಣದ ಗಂಟುಗಳಾಗಿ ಅಲ್ಲಲ್ಲೇ ಉಳಿದುಬಿಡುತ್ತದೆ. ಹೊಲ ಅಗೆದಾಗ ಸಿಗುವ ಬಿಳಿ ಸುಣ್ಣದ ಕಲ್ಲು ಅದೇ. ಮುಂದೆ ಹೋಗುವ ನೀರು ಮೆದು, ಕ್ಷಾರೀಯ. ಫ್ಲೋರೈಡನ್ನು ತಡೆಯುವವರು ಅದರಲ್ಲಿ ಯಾರೂ ಇಲ್ಲ. ಹಾಗಾಗಿ ನಾಲಿಗೆ ಮೆಚ್ಚಿದ ನೀರೇ ಎಲುಬಿಗೆ ಕೆಟ್ಟದ್ದಾಗುವುದು ನಮ್ಮ ಕಡೆ ಅಪರೂಪವಲ್ಲ.

ನಾನು ಕಲಿತದ್ದು ವಸ್ತುವಿಜ್ಞಾನ. ಫ್ಲೋರೈಡ್ ಹೀರುವ ಪದಾರ್ಥಗಳ ಮೇಲೆ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದವಳು ಹಳ್ಳಿಗಳ ನೀರಿನ ಪರೀಕ್ಷೆಗೆ ಬಂದೆ. ಭೂವಿಜ್ಞಾನಿ, ದಂತವೈದ್ಯ, ಫಿಲ್ಟರ್ ಮಾಡುವವರು, ನೀರು ಅಳೆಯುವವರು ಬೇರೆ ಬೇರೆ ಭಾಷೆಯಲ್ಲಿ ಹೇಳುವುದೆಲ್ಲ ಒಂದೇ ಸಂಗತಿ ಎಂದು ನನಗೆ ಅರಿವಾಗಲು ಕೆಲವು ವರ್ಷ ಹಿಡಿಯಿತು. ಫ್ಲೋರೈಡ್ ಅಯಾನಿನ ತ್ರಿಜ್ಯ ಸುಮಾರು 1.33 ಆಂಗ್‌ಸ್ಟ್ರಾಮ್, ಆಮ್ಲಜನಕ, ಜಲಜನಕ ಕೂಡಿದ ಹೈಡ್ರಾಕ್ಸೈಡ್ ಅಯಾನಿನದು ಸುಮಾರು 1.37. ಎರಡಕ್ಕೂ ಒಂದೊಂದು ಋಣ ವಿದ್ಯುದಂಶ. ಹರಳಿನ ಜೋಡಣೆಯಲ್ಲಿ ಒಂದು ಕೂರುವ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ. ಹಲ್ಲಿಗೆ ಕಲೆ, ಎಲುಬಿಗೆ ಬಿಗಿತ ತರುವ ಫ್ಲೋರೋಸಿಸ್ ಕಾಯಿಲೆ, ಅದರ ಮೂಲ, ಅದಕ್ಕೆ ನಾವು ಕಟ್ಟುವ ಫಿಲ್ಟರ್, ಆ ಫಿಲ್ಟರ್ ಸೋಲುವ ಕಾರಣ ಎಲ್ಲವೂ ಈ ಹೋಲಿಕೆಯಿಂದ ಹುಟ್ಟಿದವು.

ಕಲ್ಲಿನಿಂದ ಶುರುಮಾಡೋಣ. ಪಾವಗಡ, ಬಾಗೇಪಲ್ಲಿ, ಮುಂಡರಗಿ, ಕೋಲಾರದ ಕಡೆಯ ನೆಲದಡಿ ಇರುವುದು ಹೆಚ್ಚಾಗಿ ಗ್ರಾನೈಟ್, ನೈಸ್ ಜಾತಿಯ ಹಳೆಯ ಬಂಡೆ. ಅದರೊಳಗಿನ ಕಪ್ಪು ಅಭ್ರಕದಲ್ಲಿ, ಹಾರ್ನ್‌ಬ್ಲೆಂಡ್ ಎಂಬ ಖನಿಜದಲ್ಲಿ ಹೈಡ್ರಾಕ್ಸಿಲ್‌ಗೆಂದು (ಹರಳಿನೊಳಗೆ ಕೂತ ಹೈಡ್ರಾಕ್ಸೈಡಿಗೆ ಈ ಹೆಸರು) ಇರುವ ಜಾಗಗಳಲ್ಲಿ ಒಂದಷ್ಟನ್ನು ಫ್ಲೋರೈಡ್ ಹಿಡಿದುಕೊಂಡಿರುತ್ತದೆ. ಕ್ಷಾರೀಯ ನೀರು ಬಹುಕಾಲ ತಾಗಿಕೊಂಡಿದ್ದರೆ ನೀರಿನ ಹೈಡ್ರಾಕ್ಸೈಡ್ ಒಳಗೆ ಹೋಗಿ ಫ್ಲೋರೈಡ್ ಹೊರಗೆ ಬರುತ್ತದೆ. ತೆರೆದ ಬಾವಿಯ ನೀರು ಈಚಿನ ಮಳೆಯದು, ಕಲ್ಲಿನ ಜೊತೆ ಅದರ ಒಡನಾಟ ಕಡಿಮೆ. ಸಾವಿರ ಅಡಿ ಬೋರಿನ ನೀರು ಬಿರುಕುಗಳಲ್ಲಿ ಎಷ್ಟೋ ಕಾಲ ನಿಂತಿದ್ದದ್ದು.

ಇನ್ನು ಎಲುಬು. ಹಲ್ಲು ಮತ್ತು ಎಲುಬಿನ ಗಟ್ಟಿ ಭಾಗವೆಂದರೆ ಅಪಟೈಟ್, ಕ್ಯಾಲ್ಸಿಯಂ ಫಾಸ್ಫೇಟಿನ ಒಂದು ಹರಳು. ಅದರ ಉದ್ದಕ್ಕೂ ಕೊಳವೆಯಂಥ ದಾರಿಗಳಿವೆ, ದಾರಿಯಲ್ಲಿ ಹೈಡ್ರಾಕ್ಸಿಲ್‌ಗಳು ಸಾಲಾಗಿ ಕೂತಿರುತ್ತವೆ. ಹೈಡ್ರಾಕ್ಸಿಲ್‌ಗೆ ಹೈಡ್ರೋಜನ್ ಎಂಬ ಬಾಲವಿರುವುದರಿಂದ ಅದು ಮೂರು ಕ್ಯಾಲ್ಸಿಯಂಗಳ ನಡುವಿನ ನೇರ ಮಧ್ಯದಲ್ಲಿ ಕೂರಲಾರದು, ಸ್ವಲ್ಪ ಮೇಲೋ ಕೆಳಗೋ ಸರಿದಿರುತ್ತದೆ. ಫ್ಲೋರೈಡ್ ದುಂಡಗಿದೆ, ಸರಿಯಾಗಿ ನಡುಮಧ್ಯದಲ್ಲಿ ಕೂರುತ್ತದೆ. ಹಾಗೆ ಕೂತ ಹರಳು ಮೊದಲಿನದಕ್ಕಿಂತ ಸ್ಥಿರ, ಆಮ್ಲಕ್ಕೆ ಬೇಗ ಕರಗದು. ಟೂತ್‌ಪೇಸ್ಟಿಗೆ ಫ್ಲೋರೈಡ್ ಹಾಕುವುದು ಈ ಗುಣಕ್ಕಾಗಿ. ಹಲ್ಲಿನ ಮೇಲ್ಮೈಗೆ ಅದು ಒಳ್ಳೆಯದೇ ಮಾಡುತ್ತದೆ.

ಎಲುಬಿನ ಒಳಗೆ ಲೆಕ್ಕ ಬೇರೆ. ಎಲುಬು ನಿತ್ಯ ಸವೆದು ನಿತ್ಯ ಕಟ್ಟಿಕೊಳ್ಳುವ ಅಂಗ. ಫ್ಲೋರೈಡಿನಿಂದ ಕಟ್ಟುವ ಕೆಲಸ ಅತಿಯಾಗಿ, ಎಲುಬಿಗೆ ಎಲುಬನ್ನು ಬಿಗಿಯುವ ಕಟ್ಟುಗಳಿಗೂ ಸುಣ್ಣ ಹತ್ತಿದರೆ ಬೆನ್ನು ಬಾಗುವುದಿಲ್ಲ, ಕುತ್ತಿಗೆ ತಿರುಗುವುದಿಲ್ಲ. ಎಕ್ಸ್‌ರೇಯಲ್ಲಿ ಅಂಥ ಎಲುಬು ಮಾಮೂಲಿಗಿಂತ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ದಟ್ಟವಾದದ್ದೆಲ್ಲ ಬಲವಾದದ್ದಲ್ಲ ಎನ್ನುವುದು ವಸ್ತುವಿಜ್ಞಾನದ ಮೊದಲ ಪಾಠಗಳಲ್ಲಿ ಒಂದು. ವೈದ್ಯಲೋಕಕ್ಕೆ ಇದು ಖಚಿತವಾಗಿ ಗೊತ್ತಾದದ್ದು ಒಂದು ಚಿಕಿತ್ಸಾ ಪ್ರಯೋಗದಿಂದ. ಎಲುಬು ಟೊಳ್ಳಾದ 202 ಹೆಂಗಸರ ಮೇಲೆ ಅಮೆರಿಕದ ಮೇಯೋ ಕ್ಲಿನಿಕ್ ನಾಲ್ಕು ವರ್ಷ ನಡೆಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ತೆಗೆದುಕೊಂಡವರ ಸೊಂಟದ ಬೆನ್ನೆಲುಬಿನ ಸಾಂದ್ರತೆ ಶೇಕಡ 35 ಏರಿತು. ಆದರೆ ಬೆನ್ನೆಲುಬು ಮುರಿಯುವುದು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ, ಉಳಿದ ಎಲುಬುಗಳು ಮುರಿದದ್ದು ಹೆಚ್ಚಾಯಿತು. ಹಳ್ಳಿಗಳಲ್ಲಿ ಸೊಂಟ ಹಿಡಿದವರನ್ನು ನೋಡಿದಾಗಲೆಲ್ಲ ನನಗೆ ಈ ಅಧ್ಯಯನ ನೆನಪಾಗುತ್ತದೆ. ಅವರಿಗೆ ಯಾರೂ ಮಾತ್ರೆ ಕೊಟ್ಟಿರಲಿಲ್ಲ, ಕೊಡದಲ್ಲಿ ಬಂದದ್ದನ್ನು ಕುಡಿದಿದ್ದರು ಅಷ್ಟೆ.

ಭಾರತದಲ್ಲಿ ಈ ಕಾಯಿಲೆಯನ್ನು ಮೊದಲು ವಿವರವಾಗಿ ದಾಖಲಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಿಂದ, ಶಾರ್ಟ್ ಮತ್ತು ಅವರ ಸಂಗಡಿಗರು. ಅದಕ್ಕೆ ಆರು ವರ್ಷ ಮೊದಲು ಅಮೆರಿಕದಲ್ಲಿ ಮಕ್ಕಳ ಹಲ್ಲಿನ ಕಂದು ಕಲೆಯ ಮೂಲ ಸಿಕ್ಕಿತ್ತು. ಅದು ಸಿಕ್ಕ ಬಗೆ ಹೇಳುವಂಥದ್ದು. ಅರ್ಕನ್ಸಾ ರಾಜ್ಯದ ಬಾಕ್ಸೈಟ್ ಎಂಬ ಗಣಿ ಊರಿನ ಮಕ್ಕಳ ಹಲ್ಲು ಕಲೆಗಟ್ಟಿದ್ದವು. ಆ ಗಣಿಯ ಅಲ್ಯೂಮಿನಿಯಂ ಕಂಪನಿಗೆ ಭಯ: ಅಲ್ಯೂಮಿನಿಯಂ ಪಾತ್ರೆ ವಿಷ ಎಂದು ಆಗಲೇ ಗುಲ್ಲೆದ್ದಿತ್ತು, ಇದೂ ಅದರ ಮೇಲೆ ಬಂದರೆ? ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಚರ್ಚಿಲ್ 1931ರಲ್ಲಿ ಆ ಊರಿನ ನೀರನ್ನು ರೋಹಿತದರ್ಶಕದಲ್ಲಿ ನೋಡಿಸಿದರು. ಅಲ್ಯೂಮಿನಿಯಂ ಅಲ್ಲ, ಫ್ಲೋರೈಡ್ ಕಂಡಿತು, ಲೀಟರಿಗೆ 13.7 ಮಿಲಿಗ್ರಾಂ. 1901ರಿಂದ ಕೊಲರಾಡೊದಲ್ಲಿ ಇಂಥದೇ ಹಲ್ಲುಗಳ ಬೆನ್ನು ಹತ್ತಿದ್ದ ದಂತವೈದ್ಯ ಮೆಕೇ ಅವರಿಗೆ ಮೂವತ್ತು ವರ್ಷದ ಮೇಲೆ ಉತ್ತರ ಸಿಕ್ಕಿತು. ಅದೇ ಬಾಕ್ಸೈಟ್ ಅದಿರಿನಿಂದ ಬರುವ ಅಲ್ಯೂಮಿನಾವನ್ನು ಇಂದು ನಾವು ಫ್ಲೋರೈಡ್ ತೆಗೆಯಲು ಬಳಸುತ್ತೇವೆ.

ಅಲ್ಯೂಮಿನಾ ಫಿಲ್ಟರಿನ ವಿಷಯದಲ್ಲಿ ನನ್ನದೊಂದು ತಪ್ಪಿದೆ. ಸಂಶೋಧನೆ ಮಾಡುವ ಕಿರಿಯರು ಇದನ್ನು ಓದಲಿ ಎಂಬ ಆಸೆಯಿಂದ ಬಿಡಿಸಿ ಹೇಳುತ್ತೇನೆ.

ಸಕ್ರಿಯ ಅಲ್ಯೂಮಿನಾ ಎಂದರೆ ಬಿಳಿಯ ಸಣ್ಣ ಗುಂಡುಗಳು. ಮೈಯೆಲ್ಲ ಸೂಕ್ಷ್ಮ ರಂಧ್ರ, ಒಂದು ಗ್ರಾಮಿನ ಒಳಮೈ ಬಿಡಿಸಿ ಹರಡಿದರೆ 200 ಚದರ ಮೀಟರಿಗೂ ಹೆಚ್ಚಾದೀತು. ಆ ಮೈಮೇಲೆಲ್ಲ ಹೈಡ್ರಾಕ್ಸಿಲ್‌ಗಳು. ನೀರಿನ ಫ್ಲೋರೈಡ್ ಬಂದು ಹೈಡ್ರಾಕ್ಸಿಲನ್ನು ಎಬ್ಬಿಸಿ ತಾನು ಕೂರುತ್ತದೆ. ಎಲುಬಿನಲ್ಲಿ ಆದದ್ದನ್ನೇ ನಾವು ಕೊಳಾಯಿಯಲ್ಲಿ ಬೇಕೆಂದೇ ಮಾಡಿಸುವುದು. ಪ್ರಯೋಗಾಲಯದಲ್ಲಿ ನಾನು ಭಟ್ಟಿ ಇಳಿಸಿದ ನೀರಿಗೆ ಸೋಡಿಯಂ ಫ್ಲೋರೈಡ್ ಕರಗಿಸಿ, ಪಿಎಚ್ (ಆಮ್ಲ, ಕ್ಷಾರದ ಅಳತೆ) 6ಕ್ಕೆ ಇಟ್ಟು ಅಳೆದಿದ್ದೆ. ಗ್ರಾಮಿಗೆ 10 ಮಿಲಿಗ್ರಾಂ ಹೀರಿತು ಎಂದು ವರದಿ ಬರೆದೆ. ಆ ವರದಿ ನಂಬಿ ಒಂದು ಶಾಲೆಯಲ್ಲಿ ಫಿಲ್ಟರ್ ಕೂರಿಸಿದರು. ಆರು ತಿಂಗಳ ಮೇಲೆ ಹೋಗಿ ನೋಡಿದರೆ ಒಳಗೆ ಹೋಗುವ ನೀರಿನಲ್ಲೂ ಹೊರಬರುವ ನೀರಿನಲ್ಲೂ ಫ್ಲೋರೈಡ್ ಒಂದೇ. ಮಕ್ಕಳು ಅಷ್ಟೂ ತಿಂಗಳು ಅದನ್ನು ಶುದ್ಧ ನೀರೆಂದು ನಂಬಿ ಕುಡಿದಿದ್ದರು.

ಆದದ್ದು ಇಷ್ಟು. ಆ ಬೋರಿನ ನೀರಿನ ಪಿಎಚ್ 8.5. ಪಿಎಚ್ 6ಕ್ಕೆ ಹೋಲಿಸಿದರೆ ಅದರಲ್ಲಿ ಹೈಡ್ರಾಕ್ಸೈಡ್ ಸುಮಾರು 300 ಪಟ್ಟು ಹೆಚ್ಚು. ಜಾಗಕ್ಕಾಗಿ ಫ್ಲೋರೈಡ್ ಜೊತೆ ಪೈಪೋಟಿಗೆ ನಿಲ್ಲುವುದು ಅದೇ ಹೈಡ್ರಾಕ್ಸೈಡ್. ಸಾಲದ್ದಕ್ಕೆ ಬೈಕಾರ್ಬೊನೇಟ್, ಸಿಲಿಕೇಟ್‌ಗಳೂ ಜಾಗ ಕೇಳುತ್ತವೆ. ಅಂಥ ನೀರಿನಲ್ಲಿ ಗ್ರಾಮಿಗೆ ಒಂದೂವರೆ ಮಿಲಿಗ್ರಾಂ ಸಿಕ್ಕಿತು ಎಂದಿಟ್ಟುಕೊಂಡು ಲೆಕ್ಕ ಹಾಕಿ. ಮನೆಯ ಫಿಲ್ಟರಿನಲ್ಲಿ 5 ಕಿಲೊ ಅಲ್ಯೂಮಿನಾ, ದಿನಕ್ಕೆ 40 ಲೀಟರ್ ನೀರು, ಲೀಟರಿಗೆ 3 ಮಿಲಿಗ್ರಾಂ ತೆಗೆಯಬೇಕು. ದಿನಕ್ಕೆ 120 ಮಿಲಿಗ್ರಾಂ ಆಯಿತು. ನನ್ನ ವರದಿಯ ಪ್ರಕಾರ ಅದು ವರ್ಷ ದಾಟಿ ಬಾಳಬೇಕು. ನಿಜವಾದ ಬಾಳಿಕೆ ಎರಡು ತಿಂಗಳು. ಅಷ್ಟರೊಳಗೆ ಕಾಸ್ಟಿಕ್ ಸೋಡಾದಿಂದ ತೊಳೆದು, ದುರ್ಬಲ ಆಮ್ಲ ಹಾಯಿಸಿ ಮತ್ತೆ ಅಣಿಮಾಡಬೇಕು. ಕಾಸ್ಟಿಕ್ ಸೋಡಾ ಮಾಡುವುದೇನು? ಹೈಡ್ರಾಕ್ಸೈಡನ್ನು ಗುಂಪುಗುಂಪಾಗಿ ತಂದು ಫ್ಲೋರೈಡನ್ನು ಎಬ್ಬಿಸುವುದು.

ಈಗಲೂ ಹೊಸ ಹೊಸ ನ್ಯಾನೊ ಪದಾರ್ಥಗಳ ಬಗ್ಗೆ ಪ್ರಬಂಧಗಳು ಬರುತ್ತಲೇ ಇವೆ. ಗ್ರಾಮಿಗೆ ಇಷ್ಟು ಹೀರಿತು ಎಂಬ ದೊಡ್ಡ ಅಂಕಿ ಕಂಡರೆ ನಾನು ಮೊದಲು ನೋಡುವುದು ಆರಂಭದ ಸಾಂದ್ರತೆ ಎಷ್ಟು, ಪಿಎಚ್ ಎಷ್ಟು, ಬೈಕಾರ್ಬೊನೇಟ್ ಇತ್ತೇ ಎಂದು. ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್ ಇಟ್ಟು ಅಳೆದ ಅಂಕಿಯಿಂದ 4 ಮಿಲಿಗ್ರಾಂ ಇರುವ ಬೋರಿಗೆ ಏನೂ ತಿಳಿಯದು. ಹಳ್ಳಿಯ ಬೋರಿನ ನೀರಿನಲ್ಲೇ ಅಳೆದ ಒಂದು ಸಾಲು ಇಲ್ಲದ ಪ್ರಬಂಧವನ್ನು ಪರಿಶೀಲಕರು ಹಿಂದಕ್ಕೆ ಕಳಿಸಬೇಕು ಎಂದೇ ನನ್ನ ಅಭಿಪ್ರಾಯ.

ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ನಲ್ಗೊಂಡ ವಿಧಾನವೂ ಇದೆ. ಪಟಿಕ ಮತ್ತು ಸುಣ್ಣ ಹಾಕಿ ಕದಡಿ, ತಿಳಿಯಾದ ನೀರನ್ನು ಬಸಿದುಕೊಳ್ಳುವುದು. ಸಾಮಾನು ಅಗ್ಗ, ಆದರೆ ಪ್ರಮಾಣ ದಿನದಿನವೂ ಸರಿಯಿರಬೇಕು, ತಪ್ಪಿದರೆ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ. ಮೂಳೆ ಇದ್ದಿಲೂ ಚೆನ್ನಾಗಿ ಹೀರುತ್ತದೆ, ಅದು ಅಪಟೈಟೇ ತಾನೆ. ಕೀನ್ಯಾ, ಟಾಂಜಾನಿಯಾಗಳಲ್ಲಿ ಬಳಸುತ್ತಾರೆ. ನಮ್ಮಲ್ಲಿ ಕುಡಿಯುವ ನೀರಿಗೆ ಮೂಳೆ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಈಗ ಊರೂರಿಗೂ ಇರುವುದು ಶುದ್ಧ ನೀರಿನ ಘಟಕ, ಕಾಯಿನ್ ಹಾಕಿ ಕ್ಯಾನ್ ತುಂಬುವಂಥದ್ದು. ಅದರೊಳಗಿನ ಆರ್‌ಒ ಪೊರೆ ಸುಸ್ಥಿತಿಯಲ್ಲಿದ್ದರೆ ಫ್ಲೋರೈಡಿನ ಬಹುಪಾಲನ್ನು ತಡೆಯುತ್ತದೆ. ನನ್ನ ತಕರಾರು ಎರಡು. ಒಂದು, ಪೊರೆ ದಾಟದೆ ಹೊರಹೋಗುವ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ದಟ್ಟವಾಗಿರುತ್ತದೆ, ಅದನ್ನು ಪಕ್ಕದ ಚರಂಡಿಗೆ ಹರಿಸುತ್ತಾರೆ. ಎರಡು, ಕ್ಯಾನ್ ನೀರು ಕುಡಿಯುವುದಕ್ಕೆ ಮಾತ್ರ, ಅನ್ನ, ಸಾರು, ಮುದ್ದೆಗೆ ಬೋರಿನ ನೀರೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ದಟ್ಟವಾಗುತ್ತದೆ. ಅಕ್ಕಿ, ಬೇಳೆ ಆ ನೀರನ್ನು ಹೀರಿಕೊಂಡೇ ಬೇಯುವುದು. ಮನೆಗಳಲ್ಲಿ ನಾನು ಮೊದಲು ಹೇಳುವುದು ಇದನ್ನೇ: ಕ್ಯಾನ್ ನೀರು ಸಾಲದಿದ್ದರೆ ಮೊದಲ ಪಾಲು ಮಕ್ಕಳಿಗೆ ಮತ್ತು ಅಡುಗೆಗೆ. ಹಲ್ಲಿನ ಎನಾಮಲ್ ಒಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದವರೆಗೆ. ಆಗ ಬಿದ್ದ ಕಲೆ ಆಮೇಲೆ ನೀರು ಬದಲಿಸಿದರೂ ಮಾಸದು.

ಊಟದ ವಿಷಯಕ್ಕೆ ಬಂದರೆ ರಾಗಿಯನ್ನು ಬಿಡಬೇಡಿ ಎನ್ನುತ್ತೇನೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಇದ್ದಾಗ ಫ್ಲೋರೈಡಿನ ಒಂದು ಪಾಲು ರಕ್ತಕ್ಕೆ ಸೇರದೆ ಹೊರಹೋಗುತ್ತದೆ. ಹುಣಸೆಹಣ್ಣು ತಿಂದ ಮಕ್ಕಳ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋದದ್ದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಕಂಡಿದ್ದಾರೆ. ಮುದ್ದೆ, ಹುಣಸೆ ಹುಳಿಯ ಸಾರು ಔಷಧವಲ್ಲ, ನೀರಿನ ಬದಲಿಗೆ ನಿಲ್ಲಲಾರವು, ಜೊತೆಗಿದ್ದರೆ ನೆರವು.

ಇಷ್ಟೆಲ್ಲದರಲ್ಲಿ ಜನ ಕೈಗೆತ್ತಿಕೊಳ್ಳುವ ಉಪಕರಣ ಟಿಡಿಎಸ್ ಮೀಟರ್, ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು ತೋರಿಸುವಂಥದ್ದು. ದಯವಿಟ್ಟು ಅದರಿಂದ ಫ್ಲೋರೈಡ್ ತೀರ್ಮಾನಿಸಬೇಡಿ. ಒಟ್ಟು 800 ಮಿಲಿಗ್ರಾಂ ಲವಣದಲ್ಲಿ 4 ಮಿಲಿಗ್ರಾಂ ಫ್ಲೋರೈಡ್ ಅದಕ್ಕೆ ಕಾಣುವುದೇ ಇಲ್ಲ. ನಮ್ಮ ಕೈಯಲ್ಲಿರುವ ಸರಿಯಾದ ಸಾಧನ 1966ರಲ್ಲಿ ಫ್ರಾಂಟ್ ಮತ್ತು ರಾಸ್ ರೂಪಿಸಿದ ಎಲೆಕ್ಟ್ರೋಡ್. ಅದರ ತುದಿಯಲ್ಲಿ ಲ್ಯಾಂಥನಮ್ ಫ್ಲೋರೈಡಿನ ಚಿಕ್ಕ ಹರಳು, ಅದರಲ್ಲಿ ಒಂದಿಷ್ಟು ಯುರೋಪಿಯಂ ಬೆರೆಸಿರುತ್ತಾರೆ. ಆ ಬೆರಕೆಯಿಂದ ಹರಳಿನಲ್ಲಿ ಖಾಲಿ ಜಾಗಗಳು ಹುಟ್ಟುತ್ತವೆ, ಫ್ಲೋರೈಡ್ ಒಂದು ಖಾಲಿ ಜಾಗದಿಂದ ಇನ್ನೊಂದಕ್ಕೆ ಜಿಗಿಯುತ್ತ ಸಾಗುತ್ತದೆ. ಫ್ಲೋರೈಡ್ ಹತ್ತು ಪಟ್ಟು ಏರಿದರೆ 59 ಮಿಲಿವೋಲ್ಟ್ ವ್ಯತ್ಯಾಸ. ಬೇರೆ ಯಾವ ಅಯಾನೂ ಆ ಹರಳನ್ನು ಸುಲಭವಾಗಿ ಮರುಳುಮಾಡದು, ಹೈಡ್ರಾಕ್ಸೈಡ್ ಒಂದನ್ನು ಬಿಟ್ಟು. ಹಾಗಾಗಿ ಅಳೆಯುವ ಮೊದಲು ಬಫರ್ ಹಾಕಿ ಪಿಎಚ್ಚನ್ನು 5ರ ಆಚೀಚೆಗೆ ತರುತ್ತೇವೆ. ಹಳ್ಳಿಯಲ್ಲಾದರೆ ಬಣ್ಣದ ಕಿಟ್ ಸಾಕು. ಜಲ ಜೀವನ್ ಮಿಷನ್‌ನಲ್ಲಿ ತರಬೇತಿ ಪಡೆದ ಹೆಂಗಸರು ಹಲವು ಊರುಗಳಲ್ಲಿ ಇದ್ದಾರೆ. ಅಂಕಿ ಅಷ್ಟು ನಿಖರವಲ್ಲ, ಆದರೆ ಫಿಲ್ಟರ್ ಸೋತದ್ದನ್ನು ಅದು ಹೇಳಬಲ್ಲದು. ಫಿಲ್ಟರ್ ತಾನಾಗಿ ಹೇಳದು: ಸೋತ ಮೇಲೂ ನೀರು ಅಷ್ಟೇ ತಿಳಿ, ಅದೇ ರುಚಿ.

ಆ ಶಾಲೆಗೆ ಮತ್ತೆ ಹೋಗಿ ಅಲ್ಯೂಮಿನಾ ತೊಳೆದುಕೊಟ್ಟೆವು, ಹದಿನೈದು ದಿನಕ್ಕೊಮ್ಮೆ ಅಳೆಯಲು ಒಂದು ಕಿಟ್ ಇಟ್ಟು ಬಂದೆವು. ಬಿಸಿಯೂಟ ಮಾಡುವ ಅಮ್ಮ ಕೊಳಾಯಿಯ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಕು, ಅಂಕಿ ಬರೆಯುತ್ತಾರೆ. ಮೊನ್ನೆ ಅವರು ಕಳಿಸಿದ ಫೋಟೊದಲ್ಲಿ ಕೊನೆಯ ಮೂರು ಸಾಲು 0.6, 0.8, 1.0. ಅದರ ಕೆಳಗೆ ಬರೆದಿದ್ದರು: "ಸೋಮವಾರ ತೊಳೆಯೋದು. ಅಲ್ಲೀಗಂಟ ಅಡುಗೆಗೆ ಕ್ಯಾನ್ ನೀರು."