ತೂತಿಲ್ಲದ ಡಬ್ಬಿಯಿಂದ ಸುದ್ದಿ ಆಚೆ ಹೋಗುವುದು ಹೇಗೆ?

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ ತಾರಸಿ ಮೇಲೆ ಒಂದು ನೀಲಿ ಡ್ರಮ್ ಇದೆ. ನೀರೊಳಗೆ ಫೋಟೊ ತೆಗೆಯಲು ಕಡಲಿಗೆ ಹೊರಡುವ ಮುಂಚೆ, ಎಲ್ಲಾದರೂ ನೀರು ಸೋರುತ್ತದೆಯೇ ಅಂತ ನೋಡಲು ನನ್ನ ಕ್ಯಾಮೆರಾ ಮೊದಲು ಮುಳುಗುವುದು ಅದರಲ್ಲೇ. ಒಮ್ಮೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋದಾಗ, ಅವಸರದಲ್ಲಿ ಈ ಕೆಲಸ ಬಿಟ್ಟುಬಿಟ್ಟಿದ್ದೆ. ನೀರಿಗಿಳಿದು ಐದು ನಿಮಿಷ ಆಗಿರಲಿಲ್ಲ, ಸ್ಟ್ರೋಬ್, ಅಂದರೆ ನೀರೊಳಗಿನ ಫ್ಲ್ಯಾಶ್, ತಾನಾಗಿಯೇ ಎರಡು ಸಲ ಮಿಂಚಿತು. ಆಮೇಲೆ ಮಿಂಚಲೇ ಇಲ್ಲ. ದೋಣಿಗೆ ಬಂದು ಕೇಬಲ್ ಬಿಚ್ಚಿದರೆ ಪಿನ್ನುಗಳ ನಡುವೆ ಒಂದು ಹನಿ ಉಪ್ಪುನೀರು. ನೀರು ತಡೆಯುವ ರಬ್ಬರ್ ಬಳೆಯ ಮೇಲೆ ಒಂದು ಕೂದಲು ಅಂಟಿಕೊಂಡಿತ್ತು. ಅಷ್ಟೇ ಸಾಕಾಯಿತು.

ಹಗಲು ಹೊತ್ತಲ್ಲಿ ಫ್ಲ್ಯಾಶ್ ಯಾಕೆ ಬೇಕು ಅಂತ ಸುಮಾರು ಜನ ಕೇಳುತ್ತಾರೆ. ನೀರು ಎಲ್ಲಕ್ಕಿಂತ ಮೊದಲು ಕೆಂಪನ್ನು ನುಂಗುತ್ತದೆ. ಐದಾರು ಮೀಟರ್ ಇಳಿಯುವಷ್ಟರಲ್ಲಿ ಅದು ಹೆಚ್ಚೂಕಮ್ಮಿ ಮಾಯ. ಕುಂಕುಮದಂಥ ಮೀನೂ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬೇಕಾದರೆ ಬೆಳಕನ್ನು ನಾವೇ ತರಬೇಕು. 1926ರಲ್ಲಿ ಅಮೆರಿಕದ ಫ್ಲೋರಿಡಾ ಹತ್ತಿರ ಲಾಂಗ್ಲಿ ಮತ್ತು ಮಾರ್ಟಿನ್ ಎಂಬ ಇಬ್ಬರು ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿ ಉರಿಸಿ, ಆ ಬೆಳಕಲ್ಲಿ ನೀರೊಳಗಿನ ಮೀನಿನ ಬಣ್ಣದ ಫೋಟೊ ತೆಗೆದರು. ಜೀವ ಕೈಯಲ್ಲಿ ಹಿಡಿದು ಮಾಡಿದ ಕೆಲಸ ಅದು.

ಕ್ಯಾಮೆರಾದಲ್ಲೇ ಇರುವ ಪುಟ್ಟ ಫ್ಲ್ಯಾಶ್ ಇದಕ್ಕೆ ಸಾಲದು. ನಮ್ಮ ಕಡೆ ಮೆಕ್ಕೆಜೋಳ ಒಕ್ಕುವ ಮಷೀನಿನ ಎದುರು ರಾತ್ರಿ ಬೈಕ್ ಲೈಟ್ ಹಾಕಿ ನೋಡಿ. ಧೂಳೇ ಹೊಳೆಯುತ್ತದೆ, ಹಿಂದಿರುವ ಮನುಷ್ಯ ಕಾಣಲ್ಲ. ನೀರಿನಲ್ಲೂ ತೇಲುವ ಕಣಗಳು ಹಾಗೇ ಬೆಳಕನ್ನು ಲೆನ್ಸಿಗೆ ವಾಪಸ್ ಎಸೆಯುತ್ತವೆ. ಅದಕ್ಕೇ ಸ್ಟ್ರೋಬ್ ಅನ್ನು ಉದ್ದನೆಯ ತೋಳಿಗೆ ಕಟ್ಟಿ, ಪಕ್ಕಕ್ಕೆ ದೂರ ಇಡುವುದು.

ಈಗ ತೊಡಕು ನೋಡಿ. ಕ್ಯಾಮೆರಾ ಹೌಸಿಂಗ್ ಎಂಬ ಗಟ್ಟಿ ಡಬ್ಬಿಯ ಒಳಗೆ. ಸ್ಟ್ರೋಬ್ ಹೊರಗೆ. 'ಈಗ ಮಿಂಚು' ಅಂತ ಒಳಗಿನವರು ಹೊರಗಿನವರಿಗೆ ಹೇಳುವುದು ಹೇಗೆ?

ಹಳೆಯ ದಾರಿ ಎಂದರೆ ಡಬ್ಬಿಗೆ ತೂತು ಕೊರೆದು, ಸಾಕೆಟ್ ಕೂರಿಸಿ, ತಂತಿ ಎಳೆಯುವುದು. ಕ್ಯಾಮೆರಾ ತಂತಿಯ ಎರಡು ತುದಿಗಳನ್ನು ಒಳಗೊಳಗೇ ಕೂಡಿಸುತ್ತದೆ, ಸ್ಟ್ರೋಬ್ ಮಿಂಚುತ್ತದೆ. ಆದರೆ ಉಪ್ಪುನೀರಿನಲ್ಲೂ ವಿದ್ಯುತ್ ಚೆನ್ನಾಗಿ ಹರಿಯುತ್ತದೆ. ಒಂದು ಹನಿ ಒಳಗೆ ಬಂದರೆ ಕ್ಯಾಮೆರಾ ಮಾಡಬೇಕಾದ ಕೆಲಸವನ್ನು ಅದೇ ಮಾಡಿಬಿಡುತ್ತದೆ. ನನ್ನ ಸ್ಟ್ರೋಬ್ ತಾನಾಗಿಯೇ ಮಿಂಚಿದ್ದು ಹೀಗೆ. ಇನ್ನು ಒತ್ತಡ. ಹತ್ತು ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ ಹೆಚ್ಚು ಬೀಳುತ್ತದೆ. 20 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲದ ಬಾಗಿಲ ಮೇಲೆ 300 ಕಿಲೋ. ಮೂರು ಕ್ವಿಂಟಾಲ್ ಜೋಳ ಹೇರಿದ ಹಾಗೆ! ಅಂಥ ಡಬ್ಬಿಗೆ ಒಂದು ತೂತು ಜಾಸ್ತಿ ಮಾಡಿದರೂ ಆತಂಕ ಒಂದು ಜಾಸ್ತಿ.

ಆ ಟ್ರಿಪ್ ಆದಮೇಲೆ ನಾನು ತಂತಿ ಬಿಟ್ಟು ಫೈಬರ್‌ಗೆ, ಅಂದರೆ ಬೆಳಕನ್ನು ಸಾಗಿಸುವ ತೆಳು ಎಳೆಗೆ, ಬಂದೆ. ಕ್ಯಾಮೆರಾದ ಫ್ಲ್ಯಾಶ್ ಡಬ್ಬಿಯೊಳಗೇ ಸಣ್ಣಗೆ ಮಿಂಚುತ್ತದೆ. ಅದರ ಎದುರಿಗೆ ಪಾರದರ್ಶಕ ಕಿಟಕಿ. ಕಿಟಕಿಯ ಹೊರಗೆ ಫೈಬರ್‌ನ ಒಂದು ತುದಿ, ಸ್ಟ್ರೋಬಿನ ಬೆಳಕಿನ ಕಣ್ಣಿಗೆ ಇನ್ನೊಂದು ತುದಿ. ಇದಕ್ಕೆ ತೂತೇ ಬೇಡ. ಫೈಬರ್ ತುದಿಗೆ ನೀರು ನುಗ್ಗಿದರೂ ಚಿಂತೆಯಿಲ್ಲ, ನೀರಿನ ಮೂಲಕ ಬೆಳಕು ಹೋಗುತ್ತದಲ್ವಾ! ನನಗೆ ತುಂಬಾ ಹಿಡಿಸಿದ್ದು ಇದೇ.

ಬಾಗಿದ ಎಳೆಯಲ್ಲಿ ಬೆಳಕು ಹೇಗೆ ಬಾಗುತ್ತದೆ ಅಂತ ಅಕ್ಕನ ಮಗಳು ಕೇಳಿದಳು. ಪ್ಲಾಸ್ಟಿಕ್ ಬಾಟಲಿಯ ಪಕ್ಕಕ್ಕೆ ತೂತು ಮಾಡಿ ನೀರು ತುಂಬಿದೆವು. ತೂತಿಗೆ ನೇರವಾಗಿ, ಹಿಂದಿನಿಂದ ಲೇಸರ್ ಪಾಯಿಂಟರ್ ಹಿಡಿದೆ. ಬಚ್ಚಲುಮನೆ ಲೈಟ್ ಆರಿಸಿದೆವು. ಬಾಗಿ ಬೀಳುವ ನೀರಿನ ಧಾರೆಯೊಳಗೇ ಕೆಂಪು ಬೆಳಕು ಇಳಿದು ಬಂದು ಅವಳ ಅಂಗೈ ಮೇಲೆ ಬಿತ್ತು. "ಮಾಮಾ, ನೀರಿನ ಜೊತೀಗೇ ಬರಾಕತ್ತೈತಿ!" ಅಂದಳು. 1841ರಲ್ಲಿ ಜಿನೀವಾದಲ್ಲಿ ಕೊಲಾಡಾನ್ ಎಂಬ ವಿಜ್ಞಾನಿ ತೋರಿಸಿದ್ದೂ ಇದನ್ನೇ. ಬೆಳಕು ನೀರಿನ ಅಂಚಿಗೆ ಓರೆಯಾಗಿ ಬಡಿದರೆ ಗಾಳಿಗೆ ದಾಟದೆ ಪೂರ್ತಿ ಒಳಕ್ಕೇ ಮರಳುತ್ತದೆ. ಹೀಗೆ ಬಡಿದು ಬಡಿದು ಮುಂದೆ ಸಾಗುತ್ತದೆ. ಪಂಜಾಬಿನ ಮೊಗಾ ಎಂಬ ಊರಲ್ಲಿ ಹುಟ್ಟಿದ ವಿಜ್ಞಾನಿ ನರಿಂದರ್ ಸಿಂಗ್ ಕಪಾನಿ 1954ರಲ್ಲಿ ಹಾಪ್ಕಿನ್ಸ್ ಎಂಬ ಇನ್ನೊಬ್ಬ ವಿಜ್ಞಾನಿಯ ಜೊತೆ ಸೇರಿ, ಗಾಜಿನ ಎಳೆಗಳ ಕಟ್ಟಿನಲ್ಲಿ ಇಡೀ ಚಿತ್ರವನ್ನೇ ಸಾಗಿಸಿ ತೋರಿಸಿದರು. ನಮ್ಮ ಸ್ಟ್ರೋಬಿಗೆ ಸಾಮಾನ್ಯ ಪ್ಲಾಸ್ಟಿಕ್ ಎಳೆ ಸಾಕು. ಆದರೆ ತೀರಾ ಮಡಚಬಾರದು. ಮಡಿಕೆಯಲ್ಲಿ ಬೆಳಕು ನೇರಕ್ಕೆ ಬಡಿದು ಸೋರಿಹೋಗುತ್ತದೆ.

ಫೈಬರಿಗೂ ಕೊರತೆಗಳಿವೆ. ಎಷ್ಟೋ ಕ್ಯಾಮೆರಾಗಳು ಬೆಳಕು ಅಳೆಯಲು ಮೊದಲೇ ಒಂದು ಸಣ್ಣ ಮಿಂಚು ಬಿಡುತ್ತವೆ. ಸ್ಟ್ರೋಬ್ ಅದನ್ನೇ ನಿಜ ಅಂದುಕೊಂಡು ಮಿಂಚಿದರೆ ಫೋಟೊ ಕತ್ತಲು. ಆ ಮೊದಲ ಮಿಂಚನ್ನು ಬಿಟ್ಟುಬಿಡುವ ಸ್ವಿಚ್ ಸ್ಟ್ರೋಬಿನಲ್ಲಿದೆಯೇ ನೋಡಿಕೊಳ್ಳಿ. ಕ್ಯಾಮೆರಾದ ಫ್ಲ್ಯಾಶ್ ಬ್ಯಾಟರಿ ತಿನ್ನುತ್ತದೆ, ಮತ್ತೆ ಚಾರ್ಜ್ ಆಗಲು ಹೊತ್ತು ಹಿಡಿಯುತ್ತದೆ. ಅದಕ್ಕೇ ಈಗ ಬಹಳ ಜನ ಫ್ಲ್ಯಾಶ್ ಬದಲು ಎಲ್‌ಇಡಿ ಟ್ರಿಗರ್, ಅಂದರೆ ಫೈಬರಿಗೆ ಮಿಂಚು ಕೊಡುವ ಪುಟ್ಟ ದೀಪ, ಹಾಕುತ್ತಾರೆ. ನಾನೂ ಅದನ್ನೇ ಹಾಕಿದ್ದೇನೆ.

ಹೊಸ ಫೈಬರ್ ಹಾಕಿದ ಸಂಜೆ ಬಾಗಿಲಿನ ರಬ್ಬರ್ ಬಳೆ ಒರೆಸಿ, ಒಂದು ಚೂರು ಸಿಲಿಕೋನ್ ಗ್ರೀಸ್ ಸವರಿ, ಕೂದಲಿದೆಯೇ ಅಂತ ಟಾರ್ಚ್ ಹಿಡಿದು ನೋಡಿದೆ. ಆಮೇಲೆ ಎಲ್ಲವನ್ನೂ ತಾರಸಿಯ ಡ್ರಮ್ಮಿಗಿಳಿಸಿ, ಅರ್ಧ ಗಂಟೆ ಬಿಟ್ಟು ಬಟನ್ ಒತ್ತಿದೆ. ಡ್ರಮ್ ಪೂರ್ತಿ ನೀಲಿ ಲಾಟೀನಿನ ಹಾಗೆ ಬೆಳಗಿತು.